ಒಣ ತೊಟ್ಟಿ

ಲೆಕ್ಕ ಮೊದಲೇ ಆಗಿತ್ತು: ಎರಡು ಸಾವಿರ ಡಾಲರ್,
ಮೇಲೊಂದು ಕಾಸಿಲ್ಲ.
ಹಿಟ್ಟಿನ ಡಬ್ಬದ ಹಿಂದೆ, ಹಳೇ ಲಕೋಟೆಯೊಳಗೆ,
ಶಾಲಾ ಬಸ್ಸು ಓಡಿಸಿದ ನನ್ನ ಹೆಚ್ಚುವರಿ ಪಾಳಿಗಳು
ಇಪ್ಪತ್ತರ ನೋಟುಗಳಾಗಿ ಮಲಗಿದ್ದವು.

ಥಂಡರ್ ಬೇಯ ಥಂಡಿ: ಸೊನ್ನೆಗಿಂತ ಇಪ್ಪತ್ತೇಳು ಕೆಳಗೆ.
ಬಿಟ್ಟ ಉಸಿರು ಗಟ್ಟಿಯಾಗಿ
ಕಾಲ ಮೇಲೆ ಬಿದ್ದೀತು ಅನ್ನುವಂಥ ಬೆಳಗು.
ರೇಯೊ ಗೊಣಗುತ್ತಲೇ ಗಾಡಿ ಹತ್ತಿದ.
"ನಮ್ಮಪ್ಪ ಕೈಯಾರೆ ಕಟ್ಟಿದ ಸೌನಾ ಹಿತ್ತಲಲ್ಲೇ ಇದೆ.
ಬೆವರಿದರೆ ಮೈ ಹಗುರ. ನೆನೆದರೆ?
ನೆನೆಯೋದು ಬಟಾಣಿ ಕಣೇ, ಮನುಷ್ಯರಲ್ಲ."
ನಾನು ಹೇಳಲಿಲ್ಲ, ಸೌನಾದ ಮೇಲಿನ ಹಲಗೆ ಹತ್ತಲು
ನನ್ನ ಸೊಂಟ ಈಗ ಒಪ್ಪುವುದಿಲ್ಲ ಅಂತ.
ಹೇಳಿದ್ದರೆ ಹಲಗೆಯನ್ನೇ ಇಳಿಸಿ ಬಡಿಯುತ್ತಿದ್ದ,
ತೊಟ್ಟಿಯ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಅಂಗಡಿಯ ಹುಡುಗ ಕೋಲ್ಟನ್,
ಗಡ್ಡ ಇನ್ನೂ ಮನಸ್ಸು ಮಾಡಿರದ ಗಲ್ಲ,
ಅರವತ್ತು ಚಿಮ್ಮುಗಂಡಿ, ಬಣ್ಣ ಬದಲಿಸುವ ದೀಪ,
ಅಂಚಿನಲ್ಲೇ ಹಾಡುವ ಸ್ಪೀಕರ್ ಎಂದು ಒಪ್ಪಿಸಿದ.
ಬೆಲೆಯ ಚೀಟಿ ಮಾತ್ರ ಆಚೆ ತಿರುಗಿತ್ತು, ನಾಚಿದ ಹಾಗೆ.
ಹಿಡಿದು ತಿರುಗಿಸಿದೆ. ಹನ್ನೊಂದು ಸಾವಿರದ ಒಂಬೈನೂರು.
ನಾಚಬೇಕಾದದ್ದೇ.

"ಒಮ್ಮೆ ಒಳಗೆ ಕೂತು ನೋಡಿ" ಎಂದ.
ಕೂತು ನೋಡಲು ದುಡ್ಡೇನು ಬೇಡವಲ್ಲ.
ಬೂಟು ಕಳಚಿದೆವು, ಕೋಟು ಕಳಚಲಿಲ್ಲ.
ರೇಯೊನ ಕಾಲುಚೀಲದ ತೂತಿನಿಂದ
ಹೆಬ್ಬೆರಳು ಇಣುಕಿ ಅಂಗಡಿಯನ್ನೆಲ್ಲ ನೋಡಿತು.
ಹನಿ ನೀರಿಲ್ಲದ ತೊಟ್ಟಿಯಲ್ಲಿ, ಟೋಪಿ ಮಫ್ಲರು ಸಮೇತ,
ಮೊಣಕಾಲಿಗೆ ಮೊಣಕಾಲು ತಾಗಿ
ಎದುರುಬದುರು ಕೂತೆವು.

ಎದುರುಬದುರು.
ಗಾಡಿಯಲ್ಲಿ ಪಕ್ಕಪಕ್ಕ, ಟೀವಿಯ ಮುಂದೆ ಪಕ್ಕಪಕ್ಕ,
ಹಾಸಿಗೆಯಲ್ಲಿ ಬೆನ್ನಿಗೆ ಬೆನ್ನು.
ಅವನ ಹುಬ್ಬು ಯಾವಾಗ ಹೀಗೆ ಬೆಳ್ಳಗಾಯಿತು?
ಯಾವ ಚಳಿಗಾಲದಲ್ಲಿ? ನಾನೆಲ್ಲಿದ್ದೆ?
"ಏನೇ ನೋಡ್ತೀ?" ಅಂದ.
"ನೀರು ಎಲ್ಲೀ ತನಕ ಬರುತ್ತೆ ಅಂತ" ಅಂದೆ.

ಆಮೇಲೆ ಸೆಕೆಂಡ್ ಹ್ಯಾಂಡ್ ಬೇಟೆ.
ಒಂದರ ಹೊಟ್ಟೆಯ ಹತ್ತಿಯಲ್ಲಿ ಇಲಿಗಳ ತುಂಬು ಸಂಸಾರ.
ಇನ್ನೊಂದು ಪುಕ್ಕಟೆ, ಅಂದರೆ
ಬಿರುಕು ಪುಕ್ಕಟೆ, ಸೋರುವ ನೀರು ನಮ್ಮದು.
ಕಡೆಗೆ ಎರ್ಮಿನಿಯಾಳ ಅಂಗಳ. ಎಂಟುನೂರು.
ಬಿಸಿ ಮಾಡಿ, ಮುಚ್ಚಳ ತೆರೆದೇ ಇಟ್ಟಿದ್ದಳು.
ಮೊಣಕೈ ತನಕ ಅದ್ದಿದೆ:
ತೋಳು ಯೋಚನೆ ಮಾಡುವುದನ್ನು ಬಿಟ್ಟುಬಿಟ್ಟಿತು.

"ಅವರಿದ್ದಾಗ ದಿನಾ ರಾತ್ರಿ ಇಬ್ಬರೂ ನೆನೆಯುತ್ತಿದ್ದೆವು" ಎಂದಳು.
"ಈಗ ಒಬ್ಬಳೇ ನೆನೆಯುತ್ತೇನೆ.
ಅದಕ್ಕೆ ತೊಟ್ಟಿ ಬೇಕಿಲ್ಲ."
ತಲೆದಿಂಬು ನಾಲ್ಕರ ಜಾಗದಲ್ಲಿ ಮೂರೇ ಇದ್ದವು.
ಲೆಕ್ಕದ ಮನುಷ್ಯ ರೇಯೊ ಬಾಯಿಬಿಟ್ಟು ಕೇಳಿಯೇ ಕೇಳಿದ.
"ಅದು ಮಾರಾಟಕ್ಕಿಲ್ಲ."
ನೂರು ಇಳಿಸು ಅನ್ನಲು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದವನು
ಎಂಟುನೂರನ್ನೂ ಎಣಿಸಿ ಕೊಟ್ಟ.

ಮೂಗಿಗಿಂತ ಮೂಗುತಿ ಭಾರ:
ತಂತಿ ಎಳೆಯುವವನು ಕೇಳಿದ್ದು ಹದಿಮೂರು ನೂರು.
ಹೊತ್ತು ತಂದ ನಾಲ್ವರಿಗೆ ಎರಡು ಪೆಟ್ಟಿಗೆ ಬಿಯರ್.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ;
ನಮ್ಮ ಹೆಬ್ಬೆರಳು, ಹೇಳಿದೆನಲ್ಲ, ಆಗಲೇ ಹೊರಗಿತ್ತು.
ಕಡಿಮೆ ಬಿದ್ದದ್ದು ಎಲ್ಲಿಂದಲೋ ಬಂತು.
ಗ್ಯಾರೇಜಿನ ಮೊಳೆಯಲ್ಲಿ, ಮೀನಿಗಾಗಿ ಐಸು ಕೊರೆಯುವ
ಅವನ ಯಂತ್ರ ಇರಲಿಲ್ಲ.
ನಾನು ಕೇಳಲಿಲ್ಲ.

ಮೊದಲ ರಾತ್ರಿ. ಕತ್ತಿನ ಕೆಳಗೆ ಬೇಸಿಗೆ,
ಕಿವಿಯ ಮೇಲೆ ಕೂದಲು ಕಡ್ಡಿಗಟ್ಟಿ ನಿಂತಿತ್ತು.
ರೂಢಿಯಂತೆ ಬಂದು ಪಕ್ಕದಲ್ಲೇ ಕೂತ.
"ಆಚೆ ಹೋಗು" ಅಂದೆ, "ಎದುರಿಗೆ."
ದಿಂಬಿಲ್ಲದ ಮೂಲೆ ಅದು.
ಗೊಣಗಿದ. ಹೋದ.
ಟವಲು ಸುತ್ತಿ ತಲೆಗಿಟ್ಟುಕೊಂಡ.